ಸೋಕ್ಪೆ ಅಜ್ಜನ ತಲೆ

ಅಗ್ಬೆಕೊನ ತಲೆಯ ಬಗ್ಗೆ ಕ್ಲೆಮೆ ಊರಿನಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ, ಕೆಟ್ಟ ಅಭಿಪ್ರಾಯವೂ ಇರಲಿಲ್ಲ. ಅದು ಬೋಳಾಗಿತ್ತು, ದುಂಡಗಿತ್ತು, ಕುತ್ತಿಗೆಯ ಮೇಲೆ ಇರಬೇಕಾದ ಜಾಗದಲ್ಲೇ ಇತ್ತು. ಅದರೊಳಗೆ ಏನಿದೆ ಎಂದು ವಿಚಾರಿಸುವಷ್ಟು ಬಿಡುವು ಊರಿನವರಿಗೆ ಇರಲಿಲ್ಲ. ಹೀಗೆ ಯಾರ ಕಣ್ಣಿಗೂ ಬೀಳದೆ ಐವತ್ತು ದಾಟಿದ ಆ ತಲೆ ಒಂದು ಗುರುವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ದೇವರಾಯಿತು.

ಇದರಲ್ಲಿ ತಲೆಯ ತಪ್ಪೇನೂ ಇಲ್ಲ. ತಪ್ಪೆಲ್ಲ ಬಾಯಿಯದು. ಹರೆಯದಲ್ಲಿ ಅಗ್ಬೆಕೊ ತೆಮಾ ಬಂದರಿಗೆ ಹೋಗಿ ಕೆಲವು ವರ್ಷ ಇದ್ದು ಬಂದಿದ್ದ. ಅಲ್ಲಿ ಮಾಡಿದ್ದು ಹಮಾಲರ ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕುವ ಕೆಲಸ. ಆದರೆ ಪಾತ್ರೆ ತಿಕ್ಕಿ ಬಂದೆ ಎಂದು ಹೇಳಿಕೊಳ್ಳುವುದಕ್ಕೆ ಯಾರೂ ಇಷ್ಟು ದೊಡ್ಡ ಬೆಟ್ಟ ಹತ್ತಿ ಊರಿಗೆ ಮರಳುವುದಿಲ್ಲ. ಆದ್ದರಿಂದ "ಹಡಗಿನಲ್ಲಿದ್ದೆ" ಎಂದ. ಹೆಂಡದಂಗಡಿಯ ಬೆಂಚಿನ ಮೇಲೆ ವರ್ಷದಿಂದ ವರ್ಷಕ್ಕೆ ಹಡಗು ಬೆಳೆಯಿತು, ಅಲೆ ಬೆಳೆಯಿತು, ಕೊನೆಗೆ ಮುಳುಗುತ್ತಿದ್ದ ಕ್ಯಾಪ್ಟನ್ನನ ಜುಟ್ಟು ಹಿಡಿದು ದಡಕ್ಕೆ ಎಳೆದು ತಂದದ್ದೂ ಆಯಿತು. ಕ್ಲೆಮೆಯಲ್ಲಿ ಯಾರಿಗೂ ಈಜು ಬರುವುದಿಲ್ಲ. ಹಾಗಾಗಿ ಅಗ್ಬೆಕೊನಿಗೂ ಬರುವುದಿಲ್ಲ ಎಂದು ಕಂಡುಹಿಡಿಯುವವರು ಯಾರೂ ಇರಲಿಲ್ಲ.

ಊರಿನ ಮೇಲ್ಗಡೆ ಕಾಡಿನಲ್ಲಿ ಒಂದು ಅಬ್ಬಿ ಇದೆ. ದೊಡ್ಡದೇನಲ್ಲ, ಎರಡು ತಾಳೆಮರದ ಎತ್ತರದಿಂದ ನೀರು ಬೀಳುತ್ತದೆ. ಬಿದ್ದಲ್ಲಿ ಹಸಿರು ಬಣ್ಣದ ಒಂದು ಗುಂಡಿ. ಸಂಜೆ ಕೆಲಸ ಮುಗಿಸಿದ ಹೆಂಗಸರು ಅಲ್ಲಿ ಸೊಂಟದ ತನಕ ಇಳಿದು ಮೈ ತೊಳೆದು, ಊರಿನವರನ್ನೆಲ್ಲ ಬೈದು, ಹಗುರಾಗಿ ಮನೆಗೆ ಬರುತ್ತಿದ್ದರು. ಗುರುವಾರ ಮಾತ್ರ ಯಾರೂ ನೀರು ಮುಟ್ಟುವಂತಿಲ್ಲ. ಅಂದು ಗುಂಡಿ ಸೋಕ್ಪೆ ಅಜ್ಜನದು. ಆ ದೇವರು ಅಂದು ಒಬ್ಬನೇ ಸ್ನಾನ ಮಾಡುತ್ತಾನಂತೆ. ಆ ದಿನ ನೀರಿಗಿಳಿದವರಿಗೆ ಒಂದು ಟಗರು, ಒಂದು ಬಾಟಲಿ ಜಿನ್ ದಂಡ.

ಇಂಥ ಗುಂಡಿಯ ಮೇಲೆ ಜಿಲ್ಲೆಯ ಪ್ರವಾಸೋದ್ಯಮ ಅಧಿಕಾರಿಯ ಕಣ್ಣು ಬಿತ್ತು. ಆತ ಟೈ ಕಟ್ಟಿಕೊಂಡು ಕಾಡಿಗೆ ಬಂದು, ಮೂರು ಸಲ ಜಾರಿ ಬಿದ್ದು, ಎದ್ದು, "ಇದನ್ನ ಲೋಕಕ್ಕೇ ತೋರಿಸ್ಬೇಕು" ಎಂದ. ಊರಿನ ಒಡೆಯ ತೋಗ್ಬೆಯ ಅಂಗಳದಲ್ಲಿ ಸಭೆ ಸೇರಿತು.

"ಬರೀ ನೀರು ಬಿದ್ರೆ ಯಾರ್ರೀ ಬರ್ತಾರೆ?" ಎಂದ ಅಧಿಕಾರಿ. "ನೀರು ಎಲ್ಲಾ ಕಡೆ ಬೀಳತ್ತೆ. ಫೋಟೋದಲ್ಲಿ ಒಬ್ಬ ಮನುಷ್ಯ ಅದರಲ್ಲಿ ಈಜ್ತಾ ಇರಬೇಕು. ನಗ್ತಾ ಇರಬೇಕು."

ಇಡೀ ಸಭೆ ತಿರುಗಿ ಅಗ್ಬೆಕೊನನ್ನು ನೋಡಿತು. ಅಗ್ಬೆಕೊ ತಿರುಗಿ ಹಿಂದಿದ್ದ ಗೋಡೆಯನ್ನು ನೋಡಿದ.

ಇಲ್ಲಿ ಒಂದು ಮಾತು ಹೇಳಬೇಕು. ತೋಗ್ಬೆಯ ಜೊತೆ ಯಾರೂ ನೇರವಾಗಿ ಮಾತಾಡುವಂತಿಲ್ಲ. ತೋಗ್ಬೆ ಎರಡು ಮೊಳ ದೂರದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರೂ, ಹೇಳುವುದನ್ನು ತ್ಸಿಯಾಮಿಗೆ ಹೇಳಬೇಕು. ತ್ಸಿಯಾಮಿ ಎಂದರೆ ಒಡೆಯನ ಬಾಯಿ, ಒಡೆಯನ ಕಿವಿ. ಒರಟು ಮಾತು ಒಡೆಯನಿಗೆ ತಾಗಬಾರದು. ಅದನ್ನು ತೊಳೆದು, ಎಣ್ಣೆ ಹಚ್ಚಿ, ತಲೆ ಬಾಚಿ ಒಪ್ಪಿಸುವುದು ಅವನ ಕೆಲಸ. ಕ್ಲೆಮೆಯ ತ್ಸಿಯಾಮಿ ಗಾಮೆಲಿ ಈ ಕೆಲಸದಲ್ಲಿ ಎಷ್ಟು ನುರಿತಿದ್ದನೆಂದರೆ, ಅವನ ಬಾಯಿಂದ ಹೊರಬಿದ್ದ ಮಾತನ್ನು ಅದರ ಹೆತ್ತವರೂ ಗುರುತು ಹಿಡಿಯುತ್ತಿರಲಿಲ್ಲ.

"ತ್ಸಿಯಾಮಿ, ಒಡೆಯರಿಗೆ ಹೇಳಪ್ಪ. ನಂಗೆ ಸೊಂಟ ನೋವು. ನನ್ನ ಕೈಲಾಗಲ್ಲ" ಎಂದ ಅಗ್ಬೆಕೊ.

ಗಾಮೆಲಿ ಚಿನ್ನದ ಬಣ್ಣದ ಕೋಲನ್ನು ನೆಲಕ್ಕೆ ಕುಟ್ಟಿದ. "ಒಡೆಯಾ, ಸಮುದ್ರದ ಮಗ ಅಗ್ಬೆಕೊ ಹೇಳ್ತಾನೆ: ಸೊಂಟ ಮುರಿದ್ರೂ ಸರಿ, ಈ ಊರಿಗೋಸ್ಕರ ಧುಮುಕ್ತೀನಿ ಅಂತಾನೆ!"

ಚಪ್ಪಾಳೆ ಬಿತ್ತು. ಮುಂದಿನ ಶನಿವಾರಕ್ಕೆ ಫೋಟೋ ಎಂದು ನಿಗದಿಯಾಯಿತು.

ಈಜು ಕಲಿಯುವುದಕ್ಕೆ ಕೆಲವೇ ದಿನ ಉಳಿದಿವೆ, ಕಲಿಯುವುದು ಯಾರ ಕಣ್ಣಿಗೂ ಬೀಳಬಾರದು. ಹಾಗಾದರೆ ಗುರುವಾರವೇ ಸರಿ, ಅಂದು ಅತ್ತ ಒಂದು ನರಪಿಳ್ಳೆಯೂ ಸುಳಿಯುವುದಿಲ್ಲ ಎಂದು ಅಗ್ಬೆಕೊ ಲೆಕ್ಕ ಹಾಕಿದ. ಹೆಂಡತಿ ಯಾಯ್ರಾಳಿಗೆ "ಪೇಟೆಗೆ ಹೋಗಿ ಹಲ್ಲು ಕೀಳಿಸ್ಕೊಂಡು ಬರ್ತೀನಿ" ಎಂದು ಹೇಳಿ ಬೆಳಗಾಗುತ್ತಲೇ ಹೊರಟ. ಯಾರಾದರೂ ನೋಡಿದರೆ ಸ್ನಾನಕ್ಕೆ ಬಂದೆ ಎಂದು ಹೇಳಲು ಒಂದು ಸೋಪನ್ನೂ ಜೇಬಿಗೆ ಹಾಕಿಕೊಂಡ. ಗುರುವಾರ ಈಜಿದರೂ ಸ್ನಾನ ಮಾಡಿದರೂ ದಂಡ ಒಂದೇ ಎಂಬುದು ಅವನಿಗೆ ಹೊಳೆಯಲಿಲ್ಲ. ಆ ತಲೆಯಲ್ಲಿ ಒಂದು ಸಲಕ್ಕೆ ಒಂದೇ ವಿಚಾರಕ್ಕೆ ಜಾಗ.

ಗುಂಡಿಯ ಮೇಲೆ ಬಿಳಿ ಮಂಜು ಕೂತಿತ್ತು. ಅಗ್ಬೆಕೊ ಚಡ್ಡಿಯಲ್ಲಿ ಇಳಿದು, ದಡದ ಮರದ ಬೇರನ್ನು ಎರಡೂ ಕೈಯಲ್ಲಿ ಹಿಡಿದು ಕಾಲು ಬಡಿದ. ನೀರು ಸದ್ದು ಮಾಡಿತು, ಅವನು ಇದ್ದಲ್ಲೇ ಇದ್ದ. ಒಂದು ಕೈ ಬಿಟ್ಟು ನೋಡಿದ, ಅರ್ಧ ಗುಂಡಿ ಹೊಟ್ಟೆಗೆ ಹೋಯಿತು. ಕೆಮ್ಮಿ, ಸೀನಿ, ದೇವರನ್ನೂ ಕ್ಯಾಪ್ಟನ್ನನನ್ನೂ ಬೈದು, ಬಂದದ್ದಕ್ಕೆ ಸ್ನಾನವಾದರೂ ಆಗಲಿ ಎಂದು ತಲೆಗೆ ಸೋಪು ಹಚ್ಚಿದ. ಬೋಳುತಲೆಯ ಮೇಲೆ ನೊರೆ ಬೆಟ್ಟದ ಹಾಗೆ ಎದ್ದಿತು. ಆಗ ಮೇಲಿನ ಕಾಲುದಾರಿಯಲ್ಲಿ ಎಲೆ ಸರಸರ ಎಂದಿತು. ಅಗ್ಬೆಕೊ ಮೂಗು ಹಿಡಿದುಕೊಂಡು ಮುಳುಗಿದ.

ಮುಳುಗುವುದಕ್ಕೆ ಕಲಿಯಬೇಕಾದ್ದೇನೂ ಇಲ್ಲ, ಏಳುವುದಕ್ಕೆ ಕಲಿಯಬೇಕು. ಕೈಗೆ ಬೇರು ಸಿಗಲಿಲ್ಲ, ಕಾಲಿಗೆ ಕಲ್ಲು ಸಿಗಲಿಲ್ಲ. ಇನ್ನು ಸತ್ತೆ ಎನ್ನುವಾಗ ಕಾಲಿಗೊಂದು ಬಂಡೆ ತಾಗಿತು. ಅದನ್ನು ಒದ್ದು, ಕೋಣದ ಹಾಗೆ ಹೂಂಕರಿಸುತ್ತ ಮೇಲೆದ್ದ. ಮಂಜಿನ ನಡುವೆ, ಬಿಳಿ ನೊರೆ ಹೊತ್ತು, ಮೂಗಿನಲ್ಲೂ ಬಾಯಲ್ಲೂ ನೀರು ಚಿಮ್ಮಿಸುತ್ತ ಎದ್ದ. ಮೇಲಿನಿಂದ ಒಂದು ಕೂಗು ಕೇಳಿಸಿತು, ಯಾರದೋ ಬೋಗುಣಿ ಬಂಡೆಗಳ ಮೇಲೆ ಠಣಠಣ ಉರುಳಿತು. ಕಣ್ಣಿಗೆ ಸೋಪು ಹೋಗಿದ್ದರಿಂದ ಯಾರೆಂದು ಕಾಣಲಿಲ್ಲ. ಬದುಕಿದೆಯಾ ಬಡಜೀವವೇ ಎಂದು ಅವನು ದಡಕ್ಕೆ ತೆವಳಿ, ಬಟ್ಟೆ ಎತ್ತಿಕೊಂಡು, ಹಿಂದಿನ ದಾರಿಯಲ್ಲಿ ಓಡಿದ.

ಮನೆಗೆ ಬಂದರೆ ಅಂಗಳದ ತುಂಬ ಜನ. ನಡುವೆ ಕುರ್ಚಿ. ಕುರ್ಚಿಯ ಮೇಲೆ ಯಾಯ್ರಾ.

ಕುರ್ಚಿಯ ಮೇಲೆ ಯಾಯ್ರಾ ಎನ್ನುವುದೇ ಆ ಊರಿನಲ್ಲಿ ಒಂದು ಸುದ್ದಿ. ಯಾಯ್ರಾಳಿಗೆ ಮಕ್ಕಳಾಗಲಿಲ್ಲ. ಸಾವಿನ ಮನೆಯಲ್ಲಾಗಲಿ, ಹೆಸರಿಡುವ ಮನೆಯಲ್ಲಾಗಲಿ, ಹೆತ್ತವರಿಗೆ ಮೊದಲು ಆಸನ. ಇವಳು ಒಲೆಯ ಹತ್ತಿರ ನಿಂತು ಅಕ್ಪ್ಲೆ ಮುದ್ದೆ ತಿರುವಬೇಕು. ಎಲ್ಲ ಹೆಂಗಸರನ್ನೂ ಅವರ ಮಕ್ಕಳ ಹೆಸರು ಹಿಡಿದು ಇಂಥವರ ಅಮ್ಮ ಎಂದು ಕರೆದರೆ, ಇವಳನ್ನು ಮಾತ್ರ "ಏ ಯಾಯ್ರಾ" ಎಂದು ಕರೆಯುತ್ತಿದ್ದರು. ಪಕ್ಕದ ಮನೆಯ ಅಕ್ಪೆನೆಯಂತೂ ಏಳು ಮಕ್ಕಳ ತಾಯಿ. ಬೇಕೆಂದೇ ತನ್ನ ಮಕ್ಕಳನ್ನು ಇವಳ ಅಂಗಳದಲ್ಲಿ ನಿಂತು ಊಟಕ್ಕೆ ಕರೆಯುತ್ತಿದ್ದಳು. ಇವತ್ತು ಅದೇ ಅಕ್ಪೆನೆ ತನ್ನ ಮನೆಯ ಕುರ್ಚಿ ತಂದು ಇವಳನ್ನು ಕೂರಿಸಿ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು.

"ಬೋಗುಣೀಲಿ ಗೆಣಸಿನ ಸಿಪ್ಪೆ ಹಿಡ್ಕೊಂಡು, ಕಳೆದುಹೋದ ಆಡು ಹುಡುಕ್ಕೊಂಡು ಮೇಲಿನ ದಾರೀಲಿ ಹೋಗ್ತಿದ್ದೆ" ಎನ್ನುತ್ತಿದ್ದಳು ಯಾಯ್ರಾ. "ನೀರು ಸೀಳಿತು ನೋಡಿ. ಬೆಳ್ಳಗೆ ತಲೆ! ಸಿಡಿಲು ಗುಡುಗಿದ ಹಾಗೆ ದನಿ! ಆ ಮುಖ... ನಾನು ಈ ಜನ್ಮದಲ್ಲಿ ಅಂಥ ಮುಖ ನೋಡಿಲ್ಲ. ಎಷ್ಟು ಗಾಂಭೀರ್ಯ, ಎಷ್ಟು ಕರುಣೆ!"

"ಸೋಕ್ಪೆ ಅಜ್ಜ!" ಎಂದು ಜನ ಎದೆ ಮುಟ್ಟಿಕೊಂಡರು.

ಅಗ್ಬೆಕೊ ಬಾಗಿಲ ಹತ್ತಿರ ನಿಂತ. ಅಕ್ಪೆನೆ ತಿರುಗಿ ನೋಡಿದಳು. "ಏನಣ್ಣ, ಹಲ್ಲು ಕಿತ್ರಾ? ಇದೇನು ಚಡ್ಡಿಯೆಲ್ಲ ಒದ್ದೆ?"

ಅಗ್ಬೆಕೊ ಕೆನ್ನೆ ಹಿಡಿದುಕೊಂಡ. "ಹಲ್ಲು ಕೀಳೋವಾಗ ಬೆವರು ಬಂತಮ್ಮ."

"ಅಷ್ಟೊಂದಾ?"

"ದವಡೆ ಹಲ್ಲು."

ಯಾಯ್ರಾ ತಲೆಯೆತ್ತಿ ಗಂಡನನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಪೆನೆ, "ನೀವು ನಿಲ್ಲಿಸಬೇಡಿ ಅಮ್ಮ, ಹೇಳಿ ಅಮ್ಮ, ಆಮೇಲೆ ಏನಾಯ್ತು?" ಎಂದಳು. ಯಾಯ್ರಾ ಬಾಯಿ ಮುಚ್ಚಿದಳು. ಒಂದು ಗಳಿಗೆ ಬಿಟ್ಟು ಮತ್ತೆ ತೆರೆದಾಗ ದೇವರ ಎತ್ತರ ಇಮ್ಮಡಿಯಾಗಿತ್ತು, ಕಣ್ಣಿನಿಂದ ಬೆಳಕೂ ಹೊರಡತೊಡಗಿತ್ತು.

ಮದುವೆಯಾದಂದಿನಿಂದ ಅವಳು ಗಂಡನ ಮುಖದ ಬಗ್ಗೆ ಒಂದು ಒಳ್ಳೆಯ ಮಾತು ಆಡಿದ್ದು ಅಗ್ಬೆಕೊನಿಗೆ ನೆನಪಿರಲಿಲ್ಲ. ಈಗ ಆ ದೇವರ ಮುಖದ ಹೊಗಳಿಕೆ ಕೇಳಿ ಅವನಿಗೆ ದೇವರ ಮೇಲೆ ಹೊಟ್ಟೆಕಿಚ್ಚಾಯಿತು. ಆ ದೇವರು ತಾನೇ ಎಂಬುದು ಗೊತ್ತಿದ್ದೂ ಆಯಿತು. ಹೊಟ್ಟೆಕಿಚ್ಚಿಗೆ ತಿಳುವಳಿಕೆ ಎಲ್ಲಿಂದ ಬರಬೇಕು?

ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಟಗರು ಹೋಗುತ್ತದೆ, ಜಿನ್ ಹೋಗುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ ಹಡಗು ಮುಳುಗುತ್ತದೆ. ಅಲ್ಲದೆ ಮೊದಲ ಕೆಲವು ದಿನ ಅನುಕೂಲವೇ ಆಯಿತು. ಶನಿವಾರದ ಈಜು ರದ್ದಾಯಿತು. "ಈಜೋನು ಬೇಡ ಬಿಡ್ರೀ!" ಎಂದು ಪ್ರವಾಸೋದ್ಯಮ ಅಧಿಕಾರಿ ಕುಣಿದಾಡಿದ. "ಈಜೋರು ಎಲ್ಲ ಕಡೆ ಸಿಗ್ತಾರೆ. ಎದ್ದು ಬರೋ ದೇವರು ಎಲ್ಲಿ ಸಿಗ್ತಾನೆ?" ಮನೆಗೆ ಹೊಗೆಯಲ್ಲಿ ಒಣಗಿಸಿದ ಮೀನು ಬಂತು, ಗೆಣಸು ಬಂತು, ದಿನಕ್ಕೊಂದು ಕೋಳಿ ಬಂತು. ಚರ್ಚಿನ ಪಾದ್ರಿ ಇದು ದೇವರಲ್ಲ, ಸೈತಾನ ಎಂದು ಖಂಡಿಸಿ, ಖಂಡಿಸಿದ ಆಯಾಸಕ್ಕೆ ಇವರ ಮನೆಯಲ್ಲೇ ಎರಡು ಹೊತ್ತು ಊಟ ಮಾಡಿ ಹೋದ.

ಅಗ್ಬೆಕೊನ ಬಾಯಲ್ಲಿ ಕೋಳಿಕಾಲು ಇದ್ದಾಗಲೇ ಪೂಜಾರಿ ಕ್ಲುಟ್ಸೆ ಬಂದ. ಕವಡೆ ಹಾಕಿ ನೋಡಿದ್ದನಂತೆ.

"ಸೋಕ್ಪೆ ಅಜ್ಜ ಸುಮ್ಸುಮ್ನೆ ಮುಖ ತೋರಿಸೋನಲ್ಲ" ಎಂದ ಕ್ಲುಟ್ಸೆ. "ಈಯಮ್ಮನ ಹೊಟ್ಟೆ ಇಷ್ಟು ವರ್ಷ ಯಾಕೆ ಖಾಲಿ ಇತ್ತು ಅಂತ ಈಗ ಗೊತ್ತಾಯ್ತು. ತನಗೋಸ್ಕರ ಇಟ್ಕೊಂಡಿದ್ದ. ಈಕೆ ಅವನ ಹೆಂಡತಿ. ಬರೋ ಗುರುವಾರ ಗುಂಡಿ ಪಕ್ಕದ ಗುಡಿಮನೆಗೆ ಬಂದುಬಿಡಬೇಕು."

ಅಗ್ಬೆಕೊನ ಬಾಯಿಂದ ಕೋಳಿಕಾಲು ಜಾರಿತು. "ಹಾಗಾದ್ರೆ ನಾನು?"

ಕ್ಲುಟ್ಸೆ ಅವನನ್ನು ಆಗಷ್ಟೇ ನೋಡಿದವನ ಹಾಗೆ ನೋಡಿದ. "ನೀನು ಇಷ್ಟು ದಿನ ನೋಡಿಕೊಂಡಿದ್ದಕ್ಕೆ ಅಜ್ಜನಿಗೆ ಸಂತೋಷವಾಗಿದೆಯಪ್ಪ. ಮುಂದಿನ ವರ್ಷ ಪೂಜೇಲಿ ನಿಂಗೂ ಒಂದು ತುಂಡು ಮಾಂಸ ಬರೋ ಹಾಗೆ ಮಾಡ್ತೀನಿ."

ಅವನು ಹೋದ ಮೇಲೆ ಅಗ್ಬೆಕೊ ಹೆಂಡತಿಯ ಎದುರು ಕೂತ. ಅವಳು ಹೊಸ ಬಿಳಿ ಬಟ್ಟೆ ಮಡಚುತ್ತಿದ್ದಳು.

"ಹೋಗ್ತೀಯಾ?"

"ದೇವರು ಕರೆದ್ರೆ ಬರಲ್ಲ ಅನ್ನೋಕಾಗತ್ತಾ?"

"ಅಷ್ಟು ಚೆನ್ನಾಗಿದ್ನಾ ಅವನು?"

ಯಾಯ್ರಾ ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ. "ಚೆನ್ನಾಗಿದ್ದ" ಎಂದಳು.

ಅಗ್ಬೆಕೊ ಅವಳು ಮಡಚಿಟ್ಟ ಬಟ್ಟೆಗಳನ್ನು ಎಣಿಸಿದ. ಅವನು ಸುಳ್ಳು ಹೇಳುತ್ತಿದ್ದ, ಸೋಮಾರಿಯಾಗಿದ್ದ, ಹೆಂಡದಂಗಡಿಯಲ್ಲಿ ಕಳೆದಷ್ಟು ಸಂಜೆಗಳನ್ನು ಮನೆಯಲ್ಲಿ ಕಳೆದಿರಲಿಲ್ಲ. ಇದೆಲ್ಲ ನಿಜ. ಆದರೆ ಆ ಹೆಂಗಸಿಲ್ಲದ ಮನೆಯನ್ನು ಅವನು ಕನಸಿನಲ್ಲೂ ಕಂಡಿರಲಿಲ್ಲ. ಮಕ್ಕಳಿಲ್ಲವೆಂದು ಇನ್ನೊಬ್ಬಳನ್ನು ತಾ ಎಂದು ಊರೆಲ್ಲ ಹೇಳಿದಾಗ, ಹಡಗಿನಲ್ಲಿ ಒಂದೇ ಲಂಗರು ಇರುವುದು ಎಂದು ಹೇಳಿ ತಳ್ಳಿಹಾಕಿದ್ದ. ಅವನ ಹಡಗಿನ ಮಾತುಗಳಲ್ಲಿ ಸ್ವಲ್ಪವಾದರೂ ಸತ್ಯವಿದ್ದದ್ದು ಇದೊಂದೇ. ಹೋಗಲಿ ಟಗರು, ಹೋಗಲಿ ಹಡಗು, ನಿಜ ಹೇಳಿಬಿಡುತ್ತೇನೆ ಎಂದು ಮರುದಿನ ತೋಗ್ಬೆಯ ಅಂಗಳಕ್ಕೆ ಹೋದ.

ಅಂಗಳದಲ್ಲಿ ಆಗಲೇ ಗುರುವಾರದ ಮೆರವಣಿಗೆಯ ಮಾತು ನಡೆದಿತ್ತು. ಇಡೀ ಊರು ಅಲ್ಲಿತ್ತು. ಯಾಯ್ರಾಳನ್ನೂ ಕರೆಸಿ ಹೆಂಗಸರ ಸಾಲಿನ ಮುಂದೆ ಕೂರಿಸಿದ್ದರು.

"ತ್ಸಿಯಾಮಿ, ಒಡೆಯರಿಗೆ ಹೇಳು" ಎಂದ ಅಗ್ಬೆಕೊ. "ಅದು ನನ್ನ ತಲೆ."

ಗಾಮೆಲಿ ಕೋಲು ಕುಟ್ಟಿದ. "ಒಡೆಯಾ, ಎಲ್ಲಾ ಜವಾಬ್ದಾರಿ ನನ್ನ ತಲೆ ಮೇಲೆ ಅಂತಾನೆ ಅಗ್ಬೆಕೊ."

"ಅಲ್ಲಪ್ಪ! ನೀರಿಂದ ಎದ್ದಿದ್ದು ನಾನು! ದೇವರು ಗೀವರು ಯಾರೂ ಅಲ್ಲ!"

"ದೇವರ ಮುಂದೆ ನಾನು ಯಾರೂ ಅಲ್ಲ ಅಂತಾನೆ ಒಡೆಯಾ."

"ಸೋಪು ಹಚ್ಕೊಂಡಿದ್ದೆ ಕಣಯ್ಯ, ಸೋಪು!"

"ಮನಸ್ಸನ್ನ ತೊಳ್ಕೊಂಡು ಬಂದಿದೀನಿ ಅಂತಾನೆ."

"ನನ್ನ ಹೆಂಡ್ತೀನ ನಾನು ಕೊಡಲ್ಲ!"

ಇದನ್ನು ಬಾಚುವುದು ಗಾಮೆಲಿಗೂ ಕಷ್ಟವಾಯಿತು. ಒಂದು ಸಲ ಕೆಮ್ಮಿದ. ಆಮೇಲೆ ದನಿ ತಗ್ಗಿಸಿ, "ಕೊಡೋಕೆ ನಾನ್ಯಾರು ಒಡೆಯಾ, ಅವಳು ಯಾವತ್ತೂ ಅಜ್ಜನವಳೇ ಅಂತ ಅಳ್ತಾನೆ" ಎಂದ. ಎಷ್ಟು ಚೆನ್ನಾಗಿ ಹೇಳಿದನೆಂದರೆ ಅಕ್ಪೆನೆ ನಿಜವಾಗಿಯೂ ಅತ್ತಳು.

ಅಗ್ಬೆಕೊ ಆಗ ಮಾಡಬಾರದ್ದನ್ನು ಮಾಡಿದ. ಗಾಮೆಲಿಯನ್ನು ಪಕ್ಕಕ್ಕೆ ತಳ್ಳಿ ನೇರವಾಗಿ ತೋಗ್ಬೆಯ ಮುಖಕ್ಕೇ ಹೇಳಿದ: "ಒಡೆಯಾ, ನಂಗೆ ಈಜು ಬರಲ್ಲ. ಹಡಗು ಹತ್ತಿಲ್ಲ. ಪಾತ್ರೆ ತಿಕ್ಕೋನು ನಾನು. ಗುರುವಾರ ಕದ್ದು ನೀರಿಗಿಳಿದೆ. ಇವಳು ನೋಡಿದ್ದು ಈ ತಲೇನ." ಟೋಪಿ ತೆಗೆದು ಬಗ್ಗಿ ತಲೆ ತೋರಿಸಿದ.

ಮುದುಕರು ಕುತ್ತಿಗೆ ಚಾಚಿ ನೋಡಿದರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಡಿತು.

"ಈ ತಲೆ! ಇದರಲ್ಲಿ ದೇವರು!"

"ಕ್ಯಾಪ್ಟನ್ನನ್ನ ಉಳಿಸಿದ್ದಾಯ್ತು, ಈಗ ದೇವರೇ ನಾನು ಅಂತಾನೆ. ನಾಳೆ ಅಧ್ಯಕ್ಷನೂ ನಾನೇ ಅಂತಾನೆ ನೋಡ್ತಿರಿ!"

"ಪಾತ್ರೆ ತಿಕ್ಕೋನಂತೆ! ಹಡಗಿನೋನು ಅಂತ ಊರಿಗೆಲ್ಲ ಗೊತ್ತು. ಹೆಂಡತಿ ಹೋಗೋ ದುಃಖಕ್ಕೆ ಏನೇನೋ ಬಡಬಡಿಸ್ತಿದಾನೆ ಪಾಪ."

ಇಪ್ಪತ್ತು ವರ್ಷ ಸುಳ್ಳನ್ನು ನಂಬಿದವರು ಒಂದು ದಿನ ನಿಜವನ್ನು ನಂಬಲಿಲ್ಲ. ಇದಕ್ಕೆ ಅವರನ್ನು ದೂರುವುದು ಸರಿಯಲ್ಲ, ಅಭ್ಯಾಸ ಮಾಡಿಸಿದವನು ಅವನೇ.

ತೋಗ್ಬೆ ಕೈಯೆತ್ತಿದ. ಗಾಮೆಲಿಯ ಕಿವಿಯಲ್ಲಿ ಏನೋ ಹೇಳಿದ. ಗಾಮೆಲಿ ಯಾಯ್ರಾಳ ಕಡೆ ತಿರುಗಿದ. "ಅಮ್ಮ, ಒಡೆಯರು ಕೇಳ್ತಾರೆ. ಅವತ್ತು ನೀವು ನೋಡಿದ್ದು ಈ ತಲೆಯಾ?"

ಯಾಯ್ರಾ ಎದ್ದು ಬಂದು ಗಂಡನ ಎದುರು ನಿಂತಳು. ತುಂಬ ಹೊತ್ತು ನೋಡಿದಳು. ಅಗ್ಬೆಕೊ ಅವಳಿಗೆ ಚೆನ್ನಾಗಿ ಕಾಣಲಿ ಎಂದು ಇನ್ನಷ್ಟು ಬಗ್ಗಿದ.

"ಅಲ್ಲ" ಎಂದಳು ಯಾಯ್ರಾ.

ಅಗ್ಬೆಕೊನಿಗೆ ಒಂದು ಟಗರು, ಒಂದು ಬಾಟಲಿ ಜಿನ್ ದಂಡ ಬಿತ್ತು. ಗುರುವಾರ ನೀರಿಗಿಳಿದದ್ದಕ್ಕಲ್ಲ, ಇಳಿದೆ ಎಂದು ಹೇಳಿದ್ದಕ್ಕೆ.

ಗುರುವಾರ ಡೋಲು ಮೊಳಗಿತು. ಯಾಯ್ರಾ ಹಣೆಗೆ, ತೋಳಿಗೆ ಬಿಳಿ ಮಣ್ಣು ಹಚ್ಚಿಕೊಂಡು ಕಾಡಿನ ದಾರಿ ಹಿಡಿದಳು. ಹಿಂದಿನಿಂದ ಊರೆಲ್ಲ ಅಮ್ಮಾ ಅಮ್ಮಾ ಎಂದು ಹಾಡುತ್ತ ಹೋಯಿತು. ಗುಂಡಿಯ ಸುತ್ತ ಬೇಲಿ ಬಂತು, ಗೇಟು ಬಂತು, ಗೇಟಿನಲ್ಲಿ ಚೀಟಿ ಹರಿಯುವವನು ಬಂದ. ರಾಜಧಾನಿ ಅಕ್ರಾದಿಂದ ವ್ಯಾನುಗಳಲ್ಲಿ ಬಂದವರು ಫೋಟೋ ಹಿಡಿದು, ನೀರಿಗೆ ಧುಮುಕಿ, ಕೇಕೆ ಹಾಕಿ ಹೋದರು. ದೇವರು ಮತ್ತೆ ಏಳಲಿಲ್ಲ. ಆದರೆ ಬರುವವರಿಗೆ ಅದೇನೂ ತೊಂದರೆಯಾಗಲಿಲ್ಲ. ಊರಿನ ಹೆಂಗಸರು ಮಾತ್ರ ಸಂಜೆ ನಲ್ಲಿಯ ಹತ್ತಿರ ಬಕೆಟ್ ಇಟ್ಟುಕೊಂಡು ಸಾಲು ನಿಂತರು. ಅಲ್ಲಿ ನೀರು ಎಷ್ಟು ನಿಧಾನವೆಂದರೆ, ಊರಿನವರನ್ನೆಲ್ಲ ಬೈದು ಮುಗಿದರೂ ಬಕೆಟ್ ತುಂಬುತ್ತಿರಲಿಲ್ಲ.

ಟಗರು ಹೊಂದಿಸಲು ಅಗ್ಬೆಕೊನಿಗೆ ಮಳೆಗಾಲದ ತನಕ ಬೇಕಾಯಿತು. ಒಂದು ಮಧ್ಯಾಹ್ನ ಅದನ್ನು ಎಳೆದುಕೊಂಡು ಗುಡಿಮನೆಗೆ ಹೋದ. ಪೂಜಾರಿ ಕ್ಲುಟ್ಸೆ ಪ್ರವಾಸಿಗಳ ಜೊತೆ ಫೋಟೋಗೆ ನಿಂತಿದ್ದ. ಒಳಗೆ ಯಾಯ್ರಾ ಒಬ್ಬಳೇ ಇದ್ದಳು. ಸ್ವಲ್ಪ ಮೈತುಂಬಿಕೊಂಡಿದ್ದಳು. ಬಿಳಿ ಬಟ್ಟೆ ಅವಳಿಗೆ ಒಪ್ಪುತ್ತಿತ್ತು.

"ಊಟ ಆಯ್ತಾ?" ಎಂದಳು.

"ಆಯ್ತು. ಬೆಂಡೆಕಾಯಿ ಸಾರು ನಾನೇ ಮಾಡ್ಕೊಂಡೆ. ಸೀದುಹೋಯ್ತು."

"ಉರಿ ಕಡಿಮೆ ಮಾಡ್ಬೇಕು."

ಟಗರು ಒಮ್ಮೆ ಇವನನ್ನೂ ಒಮ್ಮೆ ಅವಳನ್ನೂ ನೋಡಿತು. ಅಗ್ಬೆಕೊನಿಗೆ ತಡೆಯಲಾಗಲಿಲ್ಲ.

"ಯಾಯ್ರಾ, ನಿಜ ಹೇಳು. ನಾನೇ ಅಂತ ನಿಂಗೆ ಗೊತ್ತಾಗ್ಲೇ ಇಲ್ವಾ?"

"ಗೊತ್ತಾಯ್ತು."

"ಯಾವಾಗ?"

"ನೀನು ಒದ್ದೆ ಚಡ್ಡೀಲಿ ಬಾಗಿಲಲ್ಲಿ ಬಂದು ನಿಂತೆಯಲ್ಲ, ಆಗ. ಕಿವಿ ಹಿಂದೆ ಇನ್ನೂ ಸೋಪು ಇತ್ತು."

"ಮತ್ತೆ ಆಗಲೇ ಹೇಳ್ಬಾರ್ದಿತ್ತೇನೇ?"

"ಹೇಳೋಣ ಅಂತಾನೇ ಬಾಯಿ ತೆರೆದೆ." ಯಾಯ್ರಾ ಕೈಗೆ ಹಚ್ಚಿದ್ದ ಬಿಳಿ ಮಣ್ಣನ್ನು ಉಗುರಿನಿಂದ ಕೆರೆದಳು. "ಅಷ್ಟರಲ್ಲಿ ಆ ಅಕ್ಪೆನೆ ನನ್ನ ಅಮ್ಮ ಅಂದ್ಳು. ಆ ಅಕ್ಪೆನೆ, ಅಗ್ಬೆಕೊ. ಎಲ್ಲರ ಮುಂದೆ. ಆಮೇಲೆ ನಂಗೆ ಹೇಳೋಕಾಗಲಿಲ್ಲ."

ಅಗ್ಬೆಕೊ ಟಗರಿನ ಹಗ್ಗವನ್ನು ಕೈಗೆ ಸುತ್ತಿಕೊಂಡ. ಅವಳ ಮೇಲೆ ಕೋಪ ಬರಲಿ ಎಂದು ಕಾದ, ಬರಲಿಲ್ಲ. ಇಷ್ಟು ವರ್ಷ ಆ ಅಂಗಳದಲ್ಲಿ ಅಕ್ಪೆನೆ ಮಕ್ಕಳನ್ನು ಕೂಗಿ ಕರೆಯುವಾಗ ತಾನು ಹೆಂಡದಂಗಡಿಯಲ್ಲಿ ಕ್ಯಾಪ್ಟನ್ನನನ್ನು ಉಳಿಸುತ್ತಿದ್ದೆ ಎಂಬುದು ನೆನಪಾಯಿತು. ಕೊನೆಗೆ ಒಂದೇ ಒಂದು ಪ್ರಶ್ನೆ ಉಳಿಯಿತು. ಅದನ್ನು ಕೇಳಬಾರದಿತ್ತು, ಕೇಳಿದ.

"ಮತ್ತೆ ಆ ಮುಖ? ಗಾಂಭೀರ್ಯ, ಕರುಣೆ ಅಂತೆಲ್ಲ ಹೇಳಿದ್ಯಲ್ಲ, ಅದೂ ಸುಳ್ಳೇನಾ?"

"ಅದು ಸುಳ್ಳಲ್ಲ" ಎಂದಳು ಯಾಯ್ರಾ. "ನೀನು ಅಂತ ಗೊತ್ತಾಗೋ ತನಕ ಹಾಗೇ ಕಾಣಿಸ್ತಿತ್ತು."

ಹೊರಗೆ ಗೇಟಿನ ಕಡೆಯಿಂದ "ಅಮ್ಮಾ, ವ್ಯಾನ್ ಬಂತು! ದರ್ಶನ ಕೊಡಬೇಕಂತೆ!" ಎಂದು ಕೂಗು ಬಂತು. ಯಾಯ್ರಾ ಗಡಬಡಿಸಿ ಎದ್ದು ಬಟ್ಟೆ ಸರಿಮಾಡಿಕೊಂಡಳು. ಬಾಗಿಲ ಸಂದಿಯಿಂದ ಇಣುಕಿ ನೋಡಿ, ಗಂಡನ ಕಡೆ ತಿರುಗಿ ಪಿಸುಗುಟ್ಟಿದಳು.

"ನೀನು ಹಿಂದಿನ ಬಾಗಿಲಿಂದ ಹೋಗು, ಬೇಗ. ಯಾರಾದ್ರೂ ಗಂಡಸು ಒಳಗಿರೋದು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಅಗ್ಬೆಕೊ ಟಗರನ್ನು ಕಂಬಕ್ಕೆ ಕಟ್ಟಿ ಹಿಂದಿನ ಬಾಗಿಲಿನಿಂದ ಹೋದ.